ಇಳಿಯುವ ಮೆಟ್ಟಿಲಿಗೆ ಸಿನಿಮಾ ಇಲ್ಲ

ಮಾರ್ಚ್ ೪

ಅತ್ತೆಯವರಿಗೆ,

ಹೀಗೆ ಕರೆಯುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ವಿಚ್ಛೇದನದ ಕಾಗದದಲ್ಲಿ ನಿಮ್ಮ ಮಗನ ಹೆಸರಿತ್ತು, ನನ್ನ ಹೆಸರಿತ್ತು. ನಿಮ್ಮ ಹೆಸರು ಎಲ್ಲೂ ಇರಲಿಲ್ಲ. ಹಾಗಾಗಿ ನಮ್ಮಿಬ್ಬರ ಸಂಬಂಧವನ್ನು ಯಾರೂ ರದ್ದು ಮಾಡಿಲ್ಲ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡು ಬರೆಯುತ್ತಿದ್ದೇನೆ. ತಪ್ಪು ಅನ್ನಿಸಿದರೆ ಹರಿದು ಅಂಗಡಿಯ ಚಿಂದಿ ಬುಟ್ಟಿಗೆ ಹಾಕಿಬಿಡಿ. ಮನೆಗೆ ಬರೆಯದೆ ಮುಂಭಾಗದ ಹೊಲಿಗೆ ಅಂಗಡಿಗೆ ಬರೆದದ್ದೂ ಅದಕ್ಕೇ. ಫೋನು ಮಾಡಬಹುದಿತ್ತು. ಆದರೆ ಆ ಕಡೆಯಿಂದ ನೀವು ಸುಮ್ಮನಾಗಿಬಿಟ್ಟರೆ ಅದನ್ನು ಕೇಳಿಸಿಕೊಂಡು ನಿಲ್ಲುವ ಧೈರ್ಯ ನನಗಿಲ್ಲ.

ಒಂದು ಸಹಾಯ ಬೇಕಾಗಿತ್ತು. ನಾನೀಗ ನರ್ಸಿಂಗ್ ಕಲಿಯುವವರಿಗೆ ಸಂವಹನ ಎಂಬ ವಿಷಯ ಪಾಠ ಮಾಡುತ್ತೇನೆ. ರೋಗಿಯ ಹತ್ತಿರ, ಅವರ ಮನೆಯವರ ಹತ್ತಿರ, ತಮ್ಮ ತಮ್ಮಲ್ಲಿ ಹೇಗೆ ಮಾತಾಡಬೇಕು ಅನ್ನುವುದು. ಊಟ ಆದಮೇಲಿನ ತರಗತಿ, ಮುಂದಿನ ಬೆಂಚೇ ಆಕಳಿಸುತ್ತದೆ. ಈ ತಿಂಗಳು ಒಂದು ಸಿದ್ಧಾಂತ ಇದೆ. ಮನುಷ್ಯರ ಸಂಬಂಧವನ್ನು ಅದು ಮೆಟ್ಟಿಲಿಗೆ ಹೋಲಿಸುತ್ತದೆ. ಐದು ಮೆಟ್ಟಿಲು ಹತ್ತುವುದು, ಐದು ಇಳಿಯುವುದು. ಮೊದಲನೆಯದು ಬರೀ ಮುಖಪರಿಚಯ. ಎರಡನೆಯದರಲ್ಲಿ ಒಬ್ಬರನ್ನೊಬ್ಬರು ತಡವಿ ನೋಡುವುದು. ಮೂರರಲ್ಲಿ ಮನಸ್ಸಿನ ಒಳಗಿನದು ಹೊರಗೆ ಬರುತ್ತದೆ, ನಾಲ್ಕರಲ್ಲಿ ‘ನಾನು’ ಹೋಗಿ ‘ನಾವು’ ಆಗುತ್ತದೆ, ಐದರಲ್ಲಿ ನಾಲ್ಕು ಜನರ ಮುಂದೆ ಗಂಟು ಬೀಳುತ್ತದೆ.

ಪುಸ್ತಕದಲ್ಲಿದ್ದ ಹಾಗೆಯೇ ಓದಿ ಹೇಳಿದೆ. ಒಬ್ಬರ ಮುಖದಲ್ಲೂ ಕಳೆಯಿಲ್ಲ. ಆಗ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಜೋಡಿಯ ಸಿನಿಮಾ ನೆನಪಾಯಿತು. ನಾನೂ ನೀವೂ ಅಂಗಡಿಗೆ ಬೀಗ ಹಾಕಿ ಮ್ಯಾಟಿನಿಗೆ ಹೋಗಿದ್ದೆವಲ್ಲ. ಅವರಿಬ್ಬರ ಮೊದಲ ಮಾತು ಏನಿತ್ತು? ನನಗೆ ಹಾಡು ಮಾತ್ರ ನೆನಪಿದೆ. ನಿಮಗೆ ಒಂದು ಸಲ ನೋಡಿದ್ದು ಬಾಯಿಪಾಠ. ಬಿಡುವಾದಾಗ ಎರಡು ಸಾಲು ಬರೆಯಿರಿ.

ಮೊಣಕಾಲು ಈಗ ಹೇಗಿದೆ?

ಇಂತಿ,
ನಿಮ್ಮ ಜೊತೆ ಸಿನಿಮಾ ನೋಡುತ್ತಿದ್ದವಳು


ಮಾರ್ಚ್ ೨೨

ಟೀಚರಮ್ಮನಿಗೆ,

ಪತ್ರ ಬಂತು. ಚಿಂದಿ ಬುಟ್ಟಿಗೆ ಹಾಕಿಲ್ಲ. ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟು, ದಿನಾ ದಾರದುಂಡೆ ತೆಗೆಯುವಾಗ ನೋಡುತ್ತಿದ್ದೆ. ಬರೆಯುವುದೋ ಬೇಡವೋ ಅಂತ. ಇವತ್ತು ಕರೆಂಟು ಹೋಯಿತು, ಇಸ್ತ್ರಿ ಮಾಡುವ ಹಾಗಿಲ್ಲ, ಅದಕ್ಕೆ ಕೂತೆ.

ಲಿಫ್ಟು ನಿಂತು ಕತ್ತಲಾದಾಗ ಅವನು “ಲೈಟ್ ಹೋಯ್ತಾ?” ಅನ್ನುತ್ತಾನೆ. ಅವಳು “ಇಲ್ಲ, ಲಿಫ್ಟೇ ಕಣ್ಣು ಮುಚ್ಕೊಂಡಿದೆ” ಅನ್ನುತ್ತಾಳೆ. ನೀನು ಬಿದ್ದು ಬಿದ್ದು ನಕ್ಕಿದ್ದೆ, ಹಿಂದಿನ ಸಾಲಿನವನು ಶ್ ಅಂದಿದ್ದ. ನಿನ್ನ ಮೊದಲನೇ ಮೆಟ್ಟಿಲಿಗೆ ಅದು ಸರಿ. ಅರ್ಥವಿಲ್ಲದ ಮಾತು, ಆದರೂ ಆಡಬೇಕು.

ಎರಡನೆಯದಕ್ಕೆ ಆ ರಾತ್ರಿ ಬಸ್ಸಿನ ಸಿನಿಮಾ ಹೇಳು. ಇಬ್ಬರಿಗೂ ಒಬ್ಬನೇ ಹಾಡುಗಾರನನ್ನು ಕಂಡರೆ ಆಗುವುದಿಲ್ಲ ಅಂತ ಗೊತ್ತಾದ ಕೂಡಲೇ ದೋಸ್ತಿ ಆಗುತ್ತಾರಲ್ಲ. ಮೂರಕ್ಕೆ ಅದೇ ಸಿನಿಮಾದಲ್ಲಿ ಬೆಟ್ಟದ ತಿರುವಿನಲ್ಲಿ ಬಸ್ಸು ಕೆಟ್ಟಾಗ ಅವಳು ತನ್ನ ಅಪ್ಪನ ಕುಡಿತದ ವಿಷಯ ಹೇಳುವುದು. ನಾಲ್ಕಕ್ಕೆ ಸ್ಕೂಟರಿನವನ ಕಥೆ. ಮೊದಲರ್ಧ ಪೂರ್ತಿ “ನನ್ನ ಸ್ಕೂಟರ್, ನನ್ನ ಸ್ಕೂಟರ್” ಅನ್ನುತ್ತಿದ್ದವನು ಒಂದು ದಿನ ಬಾಯಿ ತಪ್ಪಿ “ನಮ್ಮ ಸ್ಕೂಟರ್” ಅಂದಾಗ ಥಿಯೇಟರೇ ಸೀಟಿ ಹೊಡೆದಿತ್ತು. ಐದನೆಯದಕ್ಕೆ ಯಾವುದಾದರೂ ಆದೀತು. ಮದುವೆ ಆದ ಮೇಲೆ ‘ಶುಭಂ’ ಅಂತ ಅಕ್ಷರ ಬಂದೇ ಬರುತ್ತದಲ್ಲ.

ನೀನು ಹೋದಮೇಲೆ ನಾನು ಥಿಯೇಟರಿಗೆ ಹೋಗಿಲ್ಲ. ಒಬ್ಬಳೇ ಹೋದರೆ ಪಕ್ಕದಲ್ಲಿ ಯಾರಿಗೆ ಹೇಳುವುದು? ಬೇರೆ ವಿಷಯ ಕೇಳಬೇಡ, ಬರೆಯಲೂಬೇಡ. ಸಿನಿಮಾ ಬೇಕಾದರೆ ಎಷ್ಟು ಬೇಕಾದರೂ ಕೇಳು.

ಮೊಣಕಾಲು ನೋಯುತ್ತದೆ. ಮೆಷಿನ್ನಿಗೆ ಮೋಟರ್ ಹಾಕಿಸಿಕೊಟ್ಟಿದ್ದಾನೆ. ಪೆಡಲ್ ತುಳಿಯುವುದಿಲ್ಲ ಈಗ.

ಇತಿ,
ಅತ್ತೆ
(ಬೇರೆ ಏನು ಬರೆಯುವುದೋ ತೋಚಲಿಲ್ಲ)


ಏಪ್ರಿಲ್ ೬

ಪ್ರೀತಿಯ ಅತ್ತೆ,

ಆವರಣದೊಳಗೆ ನೀವು ಬರೆದ ಸಾಲನ್ನು ಬಿಟ್ಟು ಮೇಲಿನ ಒಂದೇ ಪದವನ್ನು ಎಷ್ಟು ಸಲ ಓದಿಕೊಂಡೆನೋ.

ಪಾಠ ನಡೆದ ರೀತಿ ಕೇಳಿ. ಲಿಫ್ಟಿನ ದೃಶ್ಯವನ್ನು ಗೋಡೆಯ ಮೇಲೆ ಹಾಕಿ ತೋರಿಸಿದೆ. ಆಕಳಿಕೆ ಮಾಯ. ಸ್ಕೂಟರಿನವನು ಬಾಯಿ ತಪ್ಪಿದಾಗ ನಮ್ಮ ತರಗತಿಯೂ ಸೀಟಿ ಹೊಡೆಯಿತು. ಪಕ್ಕದ ಕೋಣೆಯಿಂದ ಅಂಗರಚನೆ ಪಾಠ ಮಾಡುವವರು ಬಂದು “ಏನ್ರೀ ಮೇಡಂ, ಇದು ಕ್ಲಾಸಾ ಟಾಕೀಸಾ?” ಅಂದರು. “ಬನ್ನಿ ಸರ್, ಕೂತ್ಕೊಳ್ಳಿ, ಇಂಟರ್ವಲ್ ಆಗಿಲ್ಲ ಇನ್ನೂ” ಅಂದೆ. ನನಗೇ ಆಶ್ಚರ್ಯ, ಇಂಥ ಮಾತು ನನ್ನ ಬಾಯಿಂದ ಹೊರಟು ಎಷ್ಟೋ ಕಾಲವಾಗಿತ್ತು.

ಇನ್ನು ಇಳಿಯುವ ಮೆಟ್ಟಿಲು. ಅದನ್ನೂ ವಿವರಿಸಿದೆ. ಮೊದಲು ‘ನಾವು’ ಮತ್ತೆ ‘ನಾನು’, ‘ನೀನು’ ಎಂದು ಒಡೆಯುತ್ತದೆ. ಆಮೇಲೆ ಬೇಲಿ. ಈ ವಿಷಯ ಎತ್ತಬಾರದು, ಆ ವಿಷಯ ಬೇಡ ಎಂದು ಒಂದೊಂದೇ ಮಾತಿನ ಸುತ್ತ ಬೇಲಿ ಬೆಳೆಯುತ್ತದೆ. ಮೂರನೆಯದು ನಿಂತ ನೀರು. ‘ನಾನು ಹೀಗಂದರೆ ಅವರು ಹಾಗನ್ನುತ್ತಾರೆ’ ಎಂದು ಮನಸ್ಸಿನಲ್ಲೇ ಎರಡೂ ಕಡೆಯ ಮಾತು ಆಡಿ ಮುಗಿಸಿ ಹೊರಗೆ ಬಾಯಿ ಮುಚ್ಚಿಕೊಳ್ಳುವುದು. ನಾಲ್ಕನೆಯದು ಎದುರು ಸಿಗದ ಹಾಗೆ ತಪ್ಪಿಸಿಕೊಳ್ಳುವುದು. ಐದನೆಯದು ಮುಗಿಯುವುದು.

ಕೊನೆಯ ಬೆಂಚಿನ ಒಬ್ಬಳು ಎದ್ದು ನಿಂತಳು. “ಮೇಡಂ, ಹತ್ತೋ ಮೆಟ್ಟಿಲಿಗೆಲ್ಲ ಸಿನಿಮಾ ಹೇಳಿದ್ರಿ. ಇಳಿಯೋದಕ್ಕೆ ಯಾಕೆ ಒಂದೂ ಇಲ್ಲ?” “ಅದನ್ನ ನೋಡೋಕೆ ಯಾರು ಟಿಕೆಟ್ ತಗೋತಾರೆ?” ಎಂದು ತೇಲಿಸಿಬಿಟ್ಟೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅವಳ ಮನೆಯಲ್ಲಿ ಏನಿದೆಯೋ.

ಸಿನಿಮಾದ ವಿಷಯವನ್ನೇ ಕೇಳುತ್ತಿದ್ದೇನೆ ಅತ್ತೆ, ಬೇರೇನೂ ಕೇಳುತ್ತಿಲ್ಲ. ಇಳಿಯುವುದು ಎಲ್ಲಾದರೂ ಇದೆಯಾ? ಕೂಗಾಡಿ ತಟ್ಟೆ ಎಸೆಯುವುದಲ್ಲ. ಸದ್ದಿಲ್ಲದೆ ಇಳಿಯುವುದು.

ನಿಮ್ಮ,
ಟೀಚರಮ್ಮ (ಈ ಹೆಸರು ಹಿಡಿಸಿತು)


ಏಪ್ರಿಲ್ ೨೯

ಟೀಚರಮ್ಮ,

ನಿನ್ನ ಪ್ರಶ್ನೆ ಇಟ್ಟುಕೊಂಡು ಸುಮಾರು ಪ್ಯಾಂಟುಗಳ ಅಂಚು ಮಡಿಸಿದೆ. ಎರಡು ನೆನಪಾದವು.

ಒಂದು, ಆ ಸೀಮೆಸುಣ್ಣದ ಗೆರೆಯ ಸಿನಿಮಾ. ಗಂಡ ಹೆಂಡತಿ ಜಗಳವಾಡಿ ಮನೆಯ ಮಧ್ಯೆ ಗೆರೆ ಎಳೆಯುತ್ತಾರೆ. ಅಡುಗೆಮನೆ ಅವಳ ಕಡೆ, ಬಚ್ಚಲು ಅವನ ಕಡೆ. ಅವಳಿಗೆ ಸ್ನಾನವಿಲ್ಲ, ಅವನಿಗೆ ಊಟವಿಲ್ಲ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ನಿನ್ನ ಬೇಲಿಗೆ ಅದನ್ನು ಹಾಕು. ಆದರೆ ನಿನ್ನ ಕ್ಲಾಸಿನ ಮಕ್ಕಳಿಗೆ ಒಂದು ಮಾತು ಹೇಳು. ಅವರ ಗೆರೆ ಕಾಣುತ್ತಿತ್ತು, ಅದಕ್ಕೇ ಕೊನೆಯ ರೀಲಿನಲ್ಲಿ ಒರೆಸಿಬಿಟ್ಟರು. ನಮ್ಮ ಮನೆಯಲ್ಲಿ ಈಗ ಇಬ್ಬರೇ, ನಾನೂ ಅವನೂ. ಡಿಪೋದಿಂದ ಬರುತ್ತಾನೆ. ದಿನವಿಡೀ ಬಸ್ಸಿನ ಎಂಜಿನ್ನುಗಳ ಸದ್ದಿನಲ್ಲಿ ಇದ್ದು ಬಂದವನು, ಮಾತು ಬೇಡ ಅಂತ ನಾನು ಟಿವಿ ಸಣ್ಣಗೆ ಮಾಡುತ್ತೇನೆ. “ಊಟ ಆಯ್ತಾ” “ಆಯ್ತು” “ಗ್ಯಾಸು ಮುಗಿಯಿತು” “ಹೇಳ್ತೀನಿ”. ಇಷ್ಟೇ. ನಿನ್ನ ಹೆಸರು ಈ ಮನೆಯಲ್ಲಿ ಯಾರೂ ಎತ್ತಿಲ್ಲ. ನಿನ್ನ ಪತ್ರ ಓದಿದ ಮೇಲೆ ನಾವಿಬ್ಬರೂ ಯಾವ ಮೆಟ್ಟಿಲಲ್ಲಿದ್ದೇವೆ ಅಂತ ಲೆಕ್ಕ ಹಾಕಿದೆ. ತಾಯಿ ಮಗನಿಗೂ ಈ ಮೆಟ್ಟಿಲು ಇದೆಯಾ? ಇದ್ದರೆ ಬರೆಯಬೇಡ.

ಎರಡನೆಯದು ಬೇಕರಿಯ ತಾಯಿಯ ಸಿನಿಮಾ. ಅದನ್ನು ನೀನೂ ನೋಡಿದ್ದೀಯ. ತಾಯಿಗೂ ಮಗಳಿಗೂ ತಿಂಗಳುಗಟ್ಟಲೆ ಮಾತಿಲ್ಲ. ಒಂದು ಬೆಳಿಗ್ಗೆ ಮಗಳು ಪೆಟ್ಟಿಗೆ ಹಿಡಿದು ಮೆಟ್ಟಿಲು ಇಳಿಯುತ್ತಾಳೆ. ಕೆಳಗೆ ಟ್ಯಾಕ್ಸಿ ನಿಂತಿದೆ. ತಾಯಿ ಬಾಗಿಲ ಹಿಂದಿರುತ್ತಾಳೆ. ಇನ್ನೇನು ಟ್ಯಾಕ್ಸಿ ಹೊರಡಬೇಕು, ತಾಯಿ ಬರಿಗಾಲಲ್ಲಿ ಓಡಿ ಬರುತ್ತಾಳೆ. ಕೊರಳಲ್ಲಿ ಅಳತೆಯ ಟೇಪು ಹಾರಾಡುತ್ತಿರುತ್ತದೆ. “ನಿಲ್ಲೇ, ಒಂದು ಮಾತು ಹೇಳಿ ಹೋಗು, ಯಾಕೆ ಹೋಗ್ತಿದೀಯ?” ಅಂತ ಬೀದಿಯಲ್ಲೇ ಕೂಗುತ್ತಾಳೆ. ಆ ದೃಶ್ಯ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಐದನೇ ಮೆಟ್ಟಿಲಿನ ತನಕ ಇಳಿದರೂ ವಾಪಸು ಬರಬಹುದು ಅಂತ ತೋರಿಸುವುದಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ನಿನ್ನ ಕೊನೆಯ ಬೆಂಚಿನ ಹುಡುಗಿಗೆ ಅದನ್ನು ತೋರಿಸು.

ಇತಿ,
ಅತ್ತೆ


ಮೇ ೨೪

ಅತ್ತೆ,

ಬೇಕರಿಯ ಸಿನಿಮಾ ಸಿಗುವುದಕ್ಕೆ ತಡವಾಯಿತು, ಹಳೆಯದಲ್ಲವೆ. ತರಗತಿಗೆ ತೋರಿಸುವ ಮೊದಲು ಭಾನುವಾರ ನನ್ನ ಕೋಣೆಯಲ್ಲಿ ಕೂತು ಪೂರ್ತಿ ನೋಡಿದೆ. ಇದನ್ನು ಹೇಗೆ ಬರೆಯಲಿ ಎಂದು ಯೋಚಿಸುತ್ತಲೇ ಒಂದು ವಾರ ಕಳೆದೆ.

ಆ ದೃಶ್ಯ ಅದರಲ್ಲಿಲ್ಲ ಅತ್ತೆ.

ಮಗಳು ಪೆಟ್ಟಿಗೆ ಹಿಡಿದು ಇಳಿಯುವುದು ಇದೆ. ಟ್ಯಾಕ್ಸಿ ಇಲ್ಲ, ಅವಳು ನಡೆದೇ ಹೋಗುತ್ತಾಳೆ. ತಾಯಿ ಹೊರಗೆ ಬರುವುದೇ ಇಲ್ಲ. ಹಿಟ್ಟು ನಾದುತ್ತಲೇ ಇರುತ್ತಾಳೆ. ಆಮೇಲೆ ಕೈ ಒರೆಸಿಕೊಂಡು ಅಂಗಡಿಯ ದೀಪ ಆರಿಸುತ್ತಾಳೆ, ತೆರೆ ಕಪ್ಪಾಗುತ್ತದೆ. ನಾನು ಹಿಂದೆ ಮುಂದೆ ಮಾಡಿ ನಾಲ್ಕಾರು ಸಲ ಹುಡುಕಿದೆ. ಯಾರೂ ಓಡುವುದಿಲ್ಲ, ಯಾರೂ ಕೂಗುವುದಿಲ್ಲ. ಅವಳು ಬ್ರೆಡ್ಡು ಬೇಯಿಸುವವಳು. ಅವಳ ಕೊರಳಲ್ಲಿ ಟೇಪು ಯಾಕಿರುತ್ತದೆ?

ಟ್ಯಾಕ್ಸಿ ನಿಂತದ್ದು ನಮ್ಮ ಬೀದಿಯಲ್ಲಿ. ನಿಮ್ಮ ಮಗ ನನ್ನ ಸೂಟ್‌ಕೇಸ್ ಹೊತ್ತು ತಂದು ಡಿಕ್ಕಿಯಲ್ಲಿಟ್ಟರು. ಅದು ಅಲುಗಾಡದ ಹಾಗೆ ಪಕ್ಕಕ್ಕೆ ಹಳೆಯ ಬಟ್ಟೆ ತುರುಕಿದರು. “ನಿಧಾನಕ್ಕೆ ಹೋಗಪ್ಪ” ಎಂದು ಡ್ರೈವರಿಗೆ ಹೇಳಿದರು. ನನಗೆ ಏನೂ ಹೇಳಲಿಲ್ಲ. ಎಷ್ಟು ಅಚ್ಚುಕಟ್ಟಾಗಿ ಕಳಿಸಿಕೊಡುತ್ತಿದ್ದಾರೆ ಅಂದುಕೊಂಡೆ. ನೀವು ಅಂಗಡಿಯ ಬಾಗಿಲ ಹಿಂದಿದ್ದಿರಿ, ನಿಮ್ಮ ಚಪ್ಪಲಿಯ ತುದಿ ಕಾಣುತ್ತಿತ್ತು. ಬಿಟ್ಟು ಬಂದ ಚೀಲವೊಂದನ್ನು ಹುಡುಕುವವಳ ಹಾಗೆ ನಾನು ಸೀಟಿನ ಮೇಲೆ ಸುಮ್ಮನೆ ತಡಕಾಡಿದೆ. ಯಾವ ಚೀಲವೂ ಬಿಟ್ಟಿರಲಿಲ್ಲ.

ನಿಮ್ಮನ್ನು ನೋಯಿಸುವುದಕ್ಕೆ ಬರೆಯುತ್ತಿಲ್ಲ. ನೀವು ಬರೆದ ದೃಶ್ಯ ಸಿನಿಮಾದ್ದಕ್ಕಿಂತ ಚೆನ್ನಾಗಿದೆ. ಇಷ್ಟು ವರ್ಷ ನಿಮ್ಮ ಒಳಗೆ ಅದು ಓಡುತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ.

ನಿಮ್ಮ,
ಟೀಚರಮ್ಮ


ಜುಲೈ ೧೨

ಅತ್ತೆ,

ನೀವು ಬರೆಯಲಿಲ್ಲ. ನಾನು ಬರೆದದ್ದು ಹೆಚ್ಚಾಯಿತೇನೋ. ಸಿನಿಮಾ ಬಿಟ್ಟು ಬೇರೆ ಬೇಡ ಅಂದಿದ್ದಿರಿ, ನಾನೇ ಗೆರೆ ದಾಟಿದೆ. ಕ್ಷಮಿಸಿ. ಪರೀಕ್ಷೆ ಮುಗಿಯಿತು, ಮಕ್ಕಳೆಲ್ಲ ಮೆಟ್ಟಿಲಿನ ಪ್ರಶ್ನೆಯನ್ನೇ ಆರಿಸಿಕೊಂಡು ಬರೆದಿದ್ದಾರೆ. ಒಬ್ಬ ಹುಡುಗ ಸಿದ್ಧಾಂತ ಬಿಟ್ಟು ಸ್ಕೂಟರಿನ ಕಥೆಯನ್ನೇ ಮೂರು ಪುಟ ಬರೆದಿದ್ದಾನೆ. ಪಾಸು ಮಾಡಿದೆ.

ಆರೋಗ್ಯವಾಗಿದ್ದೇನೆ ಎಂದು ಒಂದೇ ಸಾಲು ಬರೆದರೂ ಸಾಕು.

ನಿಮ್ಮ,
ಅದೇ ಹುಡುಗಿ


ಆಗಸ್ಟ್ ೩

ಹುಡುಗಿ,

ಆರೋಗ್ಯವಾಗಿದ್ದೇನೆ. ಒಂದು ಸಾಲು ಆಯಿತು. ಇನ್ನು ಉಳಿದದ್ದು.

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಇವಳಿಗೆ ಸಿನಿಮಾ ನೋಡುವುದಕ್ಕೇ ಬರುವುದಿಲ್ಲ, ಬೇರೆ ಯಾವುದೋ ನೋಡಿದ್ದಾಳೆ ಅಂತ. ಎದುರು ಮೊಬೈಲ್ ಅಂಗಡಿಯವಳಿಗೆ ಹೇಳಿ ಅವಳ ಫೋನಿನಲ್ಲಿ ಹಾಕಿಸಿಕೊಂಡು ನಾನೂ ನೋಡಿದೆ. ದೀಪ ಆರಿತು. ಅವಳು “ಆಂಟಿ, ಇನ್ನೂ ಇದೆಯಾ?” ಅಂದಳು. “ಮುಗೀತಮ್ಮ” ಅಂದೆ.

ಆವತ್ತು ನೀನು ಅಂಗಡಿಯೊಳಗೆ ಬಂದು “ಹೋಗ್ತೀನಿ ಅತ್ತೆ” ಅಂದೆ. ಯಾರಾದರೂ ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನುತ್ತಾರಾ? ಬರ್ತೀನಿ ಅನ್ನುತ್ತಾರೆ. ಸಂತೆಗೆ ಹೋಗುವವರೂ ಬರ್ತೀನಿ ಅನ್ನುತ್ತಾರೆ. ನನಗೆ ಅದು ಚೆನ್ನಾಗಿ ಕೇಳಿಸಿತು. ಕೇಳಿಸಿಯೂ “ಹುಷಾರು” ಅಂದು ತೋಳಿನ ಅಳತೆ ಬರೆದುಕೊಳ್ಳುವುದಕ್ಕೆ ತಿರುಗಿದೆ. ಮಾತಾಡುವುದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ಅತ್ತೆ ನಾವು ಗಂಡ ಹೆಂಡತಿ ಆಡಿದ ಪ್ರತಿ ಮಾತಿನ ನಡುವೆಯೂ ಬಾಯಿ ಹಾಕುತ್ತಿದ್ದರು. ಕಿಟಕಿ ತೆಗೆದರೂ ಒಂದು ಮಾತು, ಮುಚ್ಚಿದರೂ ಒಂದು. ನನಗೆ ಸೊಸೆ ಬಂದರೆ ಅವರಿಬ್ಬರ ಮಧ್ಯೆ ತುಟಿ ಬಿಚ್ಚುವುದಿಲ್ಲ ಅಂತ ಆಗಲೇ ಗಟ್ಟಿ ಮಾಡಿಕೊಂಡಿದ್ದೆ. ನೀನು ದೊಡ್ಡ ಕೆಲಸ ಸಿಕ್ಕಿ ಹೊರಟಿದ್ದೀಯ, ನಾಲ್ಕು ತಿಂಗಳಿಗೆ ವಾಪಸು ಬರುತ್ತೀಯ, ಅಥವಾ ಅವನು ಹೋಗುತ್ತಾನೆ, ಏನೋ ಮಾತಾಡಿಕೊಂಡಿರುತ್ತೀರಿ ಅಂದುಕೊಂಡೆ. ಒಳ್ಳೆಯ ಅತ್ತೆಯಾಗಿದ್ದೇನೆ ಅಂತ ನನಗೆ ಹೆಮ್ಮೆಯೂ ಇತ್ತು ನೋಡು.

ಹೋದ ಭಾನುವಾರ ಅವನು ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದ. ನಾನು ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತೆ.

“ಅವಳು ಹೋಗೋವಾಗ ನೀನು ಯಾಕೋ ತಡೀಲಿಲ್ಲ?”

“ಯಾರು?”

“ಯಾರು ಅಂದ್ರೆ ಯಾರೋ. ನನ್ನ ಸೊಸೆ.”

ಅವನು ತಲೆ ಎತ್ತಲಿಲ್ಲ. “ಅದೆಲ್ಲ ಈಗ ಯಾಕಮ್ಮ?”

“ಆಗ ಕೇಳಲಿಲ್ಲ, ಅದಕ್ಕೆ ಈಗ.”

ಎಣ್ಣೆ ಡಬ್ಬಿಯ ಮುಚ್ಚಳ ಹಾಕಿದ. ತೆಗೆದ. ಮತ್ತೆ ಹಾಕಿದ. “ಅವಳು ಓದಿದೋಳು. ಆಸೆಪಟ್ಟು ಪಡ್ಕೊಂಡ ಕೆಲಸ. ಹೋಗಬೇಡ ಅಂದ್ರೆ ಗಂಡ ಅನ್ನೋ ದರ್ಪ ತೋರಿಸಿದ ಹಾಗಾಗುತ್ತೆ. ಹೋಗ್ಲಾ ಅಂತ ಕೇಳಿದ್ಲು. ನಿನ್ನಿಷ್ಟ ಅಂದೆ. ಇನ್ನೇನು ಹೇಳಬೇಕಿತ್ತು ನಾನು?”

“ನಿಂಗೆ ಅವಳು ಹೋಗೋದು ಇಷ್ಟ ಇತ್ತಾ?”

“ಇಷ್ಟ ಇರುತ್ತೇನಮ್ಮ!” ಅಂದುಬಿಟ್ಟ. ಆ ಧ್ವನಿಯನ್ನು ನಾನು ಅವನು ಶಾಲೆಗೆ ಹೋಗುವಾಗ ಕೇಳಿದ್ದು, ಆಮೇಲೆ ಕೇಳಿರಲಿಲ್ಲ. ಮೆಲ್ಲಗೆ ಹೇಳಿದ. “ನೀನು ಹೇಳ್ತೀಯ ಅಂದ್ಕೊಂಡಿದ್ದೆ. ನಿನ್ನ ಮಾತಾದ್ರೆ ಅವಳು ಕೇಳ್ತಿದ್ಲು. ಸೂಟ್‌ಕೇಸು ಇಟ್ಟು, ಬಟ್ಟೆ ತುರುಕಿ, ಎಷ್ಟು ಹೊತ್ತು ನಿಂತಿದ್ದೆ ಗೊತ್ತಾ ನೀನು ಆಚೆ ಬರಲಿ ಅಂತ.”

ಇದನ್ನು ನಿನಗೆ ಬರೆಯಬಾರದೋ ಏನೋ. ಬರೆಯದಿದ್ದರೆ ಮತ್ತೆ ಅದೇ ಆಗುತ್ತದೆ, ಅದಕ್ಕೆ ಬರೆದೆ.

ಇನ್ನೊಂದು ವಿಷಯ. ಇದು ನಿನಗೆ ಬೇರೆಯವರಿಂದ ಗೊತ್ತಾಗಬಾರದು. ಅಕ್ಟೋಬರಿನಲ್ಲಿ ಅವನ ಮದುವೆ. ನಾನು ಅವನ ಹತ್ತಿರ ಇದೆಲ್ಲ ಕೇಳುವುದಕ್ಕೆ ಮೊದಲೇ ಮಾತಾಗಿತ್ತು. ಹುಡುಗಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತಾಳೆ. ಅವಳದೂ ಒಂದು ಮುರಿದು ಹೋದದ್ದೇ. ಒಳ್ಳೆಯವಳು. ಒಳ್ಳೆಯವಳು ಅಂತ ನಿನಗೆ ಬರೆಯುವಾಗ ನನ್ನ ಕೈ ಹಿಂದೆ ಎಳೆಯುತ್ತದೆ.

ಇತಿ,
ಅತ್ತೆ


ಆಗಸ್ಟ್ ೧೯

ಅತ್ತೆ,

ನಿಮ್ಮ ಪತ್ರವನ್ನು ಸಿಬ್ಬಂದಿ ಕೋಣೆಯಲ್ಲಿ ಓದಿದೆ. ಅಲ್ಲಿ ಅಳುವ ಹಾಗಿಲ್ಲ. ಪ್ರಯೋಗಾಲಯದ ಪಕ್ಕದಲ್ಲಿ ಬೆಡ್‌ಶೀಟು ಮಡಿಸುವ ಕೋಣೆ ಇದೆ, ಮಕ್ಕಳಿಗೆ ಹಾಸಿಗೆ ಹಾಸುವುದನ್ನು ಕಲಿಸುತ್ತಾರೆ. ಅಲ್ಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಾನು ‘ಹೋಗ್ಲಾ’ ಎಂದು ಕೇಳಿದ್ದು ಹೋಗುವುದಕ್ಕಲ್ಲ ಅತ್ತೆ. ಬೇಡ ಅನ್ನಿಸಿಕೊಳ್ಳುವುದಕ್ಕೆ. ಅವರು ‘ನಿನ್ನಿಷ್ಟ’ ಅಂದಾಗ, ಇವರಿಗೆ ನಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ಅರ್ಥ ಮಾಡಿಕೊಂಡೆ. ಅದಕ್ಕೂ ಮೊದಲಿನ ವರ್ಷವೆಲ್ಲ ಅವರು ಡಿಪೋದಿಂದ ಬಂದು ಸುಮ್ಮನೆ ಕೂರುತ್ತಿದ್ದರು. ಎಂಜಿನ್ನಿನ ಸದ್ದಿನಿಂದ ಬಂದವರು, ಮಾತು ಹಿಂಸೆಯಾದೀತು ಎಂದು ನಾನೂ ಸುಮ್ಮನೆ ಕೂರುತ್ತಿದ್ದೆ. ಪಕ್ಕದಲ್ಲೇ ಕೂತರೆ ಸಾಕು ಎಂದು ಅವರಿಗೆ ಅನ್ನಿಸುತ್ತಿತ್ತೋ ಏನೋ. ನಾನು ಕೇಳಲಿಲ್ಲ. ಇಲ್ಲಿಗೆ ಬಂದಮೇಲೆ ಅವರು ವಾರಕ್ಕೊಮ್ಮೆ ಫೋನು ಮಾಡಿ “ಎಲ್ಲಾ ಸರಿನಾ?” ಅನ್ನುತ್ತಿದ್ದರು. “ಸರಿ” ಅನ್ನುತ್ತಿದ್ದೆ. ಒಂದು ಸಲವಾದರೂ “ಸರಿಯಿಲ್ಲ, ಬಂದು ಕರ್ಕೊಂಡು ಹೋಗಿ” ಅಂದಿದ್ದರೆ ಆ ಮನುಷ್ಯ ಡಿಪೋದ ಬಸ್ಸನ್ನೇ ಎತ್ತಿಕೊಂಡು ಬಂದುಬಿಡುತ್ತಿದ್ದರು ಎಂದು ಇವತ್ತು ಗೊತ್ತಾಗುತ್ತಿದೆ. ಆ ವಿಚ್ಛೇದನದ ಕಾಗದವನ್ನು ಕಳಿಸಿದವಳು ನಾನೇ. ಅದನ್ನು ನೋಡಿಯಾದರೂ ಮಾತಾಡಲಿ ಎಂದು ಕಳಿಸಿದೆ. ಅವರು ಸಹಿ ಹಾಕಿ ತಿರುಗಿ ಕಳಿಸಿದರು. ನನ್ನ ಇಷ್ಟಕ್ಕೆ ಅಡ್ಡ ಬರಬಾರದು ಅಂತ.

ಮಕ್ಕಳಿಗೆ ಹೇಳುತ್ತೇನೆ, ಸಂಬಂಧಗಳು ಕೆಟ್ಟತನದಿಂದಲೇ ಮುರಿಯುತ್ತವೆ ಅಂತ ಅಂದುಕೊಳ್ಳಬೇಡಿ ಎಂದು. ಪುಸ್ತಕದಲ್ಲಿ ಹಾಗೆ ಬರೆದಿದೆ, ನಾನು ಓದಿ ಹೇಳಿದ್ದು. ನಮ್ಮ ಮನೆಯಲ್ಲಿ ಮೂರು ಜನವೂ ಒಳ್ಳೆಯವರೇ ಇದ್ದೆವಲ್ಲ ಅತ್ತೆ.

ಮದುವೆ ಚೆನ್ನಾಗಿ ಆಗಲಿ. ಇದನ್ನು ಬಾಯಿಮಾತಿಗೆ ಬರೆಯುತ್ತಿಲ್ಲ. ನೀವು ನನಗೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಅಕ್ಟೋಬರು ಮುಗಿಯುವ ತನಕ ನಾನು ಬರೆಯುವುದಿಲ್ಲ. ಹೊಸಬರು ಮನೆಗೆ ಬರುವಾಗ ನನ್ನ ಪತ್ರ ಬಾಗಿಲಲ್ಲಿ ಬಿದ್ದಿರುವುದು ಬೇಡ.

ನಿಮ್ಮ,
ಟೀಚರಮ್ಮ


ಡಿಸೆಂಬರ್ ೧೦

ಟೀಚರಮ್ಮ,

ಅಕ್ಟೋಬರು ಮುಗಿದು ತಿಂಗಳಾಯಿತು, ನಿನ್ನ ಪತ್ರವಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಮದುವೆ ಆಯಿತು. ರಿಜಿಸ್ಟರ್ ಕಚೇರಿಯಲ್ಲಿ, ಹತ್ತು ಹನ್ನೆರಡು ಜನ. ನಾನು ಅವನ ಕೋಟಿನ ತೋಳು ಸ್ವಲ್ಪ ಉದ್ದ ಬಿಟ್ಟುಬಿಟ್ಟಿದ್ದೆ. ನನ್ನ ಕೈಯಲ್ಲಿ ಅಂಥ ತಪ್ಪು ಎಂದೂ ಆದದ್ದಿಲ್ಲ.

ಹೊಸ ಹುಡುಗಿ ಮಾತು ಕಡಿಮೆ. ಮೊದಲ ಮನೆಯಲ್ಲಿ ಮಾತಾಡಿದ್ದಕ್ಕೆಲ್ಲ ಅನ್ನಿಸಿಕೊಂಡವಳಂತೆ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗುತ್ತಾಳೆ, ಸಂಜೆ ಬರುತ್ತಾಳೆ. ಬಂದ ಕೂಡಲೇ ಪಾತ್ರೆ ತೊಳೆಯುವುದಕ್ಕೆ ನಿಲ್ಲುತ್ತಾಳೆ. ಬೇಡ ಅಂದರೂ ಕೇಳುವುದಿಲ್ಲ. ಮನೆಯಲ್ಲಿ ಈಗ ಸುಮ್ಮನಿರುವವರು ಮೂವರು. ನನಗೆ ಹೆದರಿಕೆ ಹತ್ತಿತು.

ಮೊನ್ನೆ ಶುಕ್ರವಾರ ಬಂದವಳು ಚೀಲವನ್ನು ಕುರ್ಚಿಯ ಮೇಲೆ ಇಟ್ಟು, ಕೆಲಸದ ಬಿಳಿ ಕೋಟು ಬಿಚ್ಚದೆಯೇ ಕೋಣೆಗೆ ಹೋಗಿಬಿಟ್ಟಳು. ಅವನು ಅಲ್ಲೇ ಸ್ಕ್ರೂ ಡ್ರೈವರು ಹಿಡಿದು ಫ್ಯಾನು ಬಿಚ್ಚುತ್ತಿದ್ದ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಇಬ್ಬರೂ ಮತ್ತೊಬ್ಬರು ಏಳಲಿ ಅಂತ ಕಾಯುತ್ತಿದ್ದೆವು. ನನಗೆ ಮೈಯೆಲ್ಲ ಉರಿದುಹೋಯಿತು, ನನ್ನ ಮೇಲೆ. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಉಗುಳಿ ಎದ್ದೆ. ಬಾಗಿಲು ತಟ್ಟಲೂ ಇಲ್ಲ.

“ಏನಾಯ್ತೇ?” ಅಂದೆ.

“ಏನಿಲ್ಲ ಅತ್ತೆ.”

“ಏನಿಲ್ಲ ಅನ್ನೋದನ್ನ ನಾನು ಬೇಕಾದಷ್ಟು ಕೇಳಿದೀನಿ. ಏನಿದೆ ಹೇಳು.”

ಅವಳು ನನ್ನನ್ನು ಗುರುತು ಸಿಗದವಳ ಹಾಗೆ ನೋಡಿದಳು. ಆಮೇಲೆ ಶುರುಮಾಡಿದಳು ನೋಡು. ಡಾಕ್ಟರು ರೋಗಿಗಳ ಮುಂದೆ ಬೈದದ್ದರಿಂದ ಹಿಡಿದು, ಅವನು ಒಂದು ವಾರದಿಂದ ತನ್ನ ಮುಖ ನೋಡಿ ಮಾತಾಡಿಲ್ಲ, ತಾನು ಏನು ತಪ್ಪು ಮಾಡಿದೆ ಅನ್ನುವ ತನಕ. ಅವನು ಬಾಗಿಲಲ್ಲಿ ಸ್ಕ್ರೂ ಡ್ರೈವರು ಹಿಡಿದು ನಿಂತು ಕೇಳಿಸಿಕೊಂಡ. “ನಾನೇನೂ ಕೋಪ ಮಾಡ್ಕೊಂಡಿಲ್ಲ. ಡಿಪೋದಲ್ಲಿ ಇಬ್ಬರನ್ನ ಕೆಲಸದಿಂದ ತೆಗೆದ್ರು, ಅದೇ ತಲೇಲಿತ್ತು” ಅಂದ. “ಅಷ್ಟು ಹೇಳಕ್ಕೆ ಒಂದು ವಾರ ಬೇಕಾ?” ಅಂತ ಅವಳು ರೇಗಿದಳು. ನಾನು ಹೊರಗೆ ಬಂದೆ. ಒಳಗೆ ಗಲಾಟೆಯೋ ಗಲಾಟೆ. ನಾನು ಚಹಾ ಮಾಡಿ, ಕುಡಿದು, ಒಂದು ಜಿಪ್ಪು ಹೊಲಿದು ಮುಗಿಸಿದರೂ ಮಾತು ನಿಂತಿರಲಿಲ್ಲ. ಆ ಜಗಳದ ಸದ್ದು ಕೇಳುತ್ತಾ ನಾನು ಮೆಷಿನ್ನಿನ ಮುಂದೆ ಕೂತು ಅತ್ತುಬಿಟ್ಟೆ. ನಿನ್ನ ಪಾಲಿಗೆ ಬರಬೇಕಾದದ್ದು ಅವಳಿಗೆ ಬಂತು. ಅವಳಿಗೆ ಬಂದದ್ದು ಸಂತೋಷವೇ. ಆದರೆ ಅದು ನ್ಯಾಯವಲ್ಲ ಹುಡುಗಿ. ನ್ಯಾಯವಲ್ಲ.

ಅವಳಿಗೆ ನಿನ್ನ ವಿಷಯ ಹೇಳಿದ್ದೇನೆ, ಪತ್ರಗಳ ವಿಷಯವನ್ನೂ ಹೇಳಿದ್ದೇನೆ. “ಅವರನ್ನ ಒಂದು ಸಲ ಬರೋಕೆ ಹೇಳಿ ಅತ್ತೆ” ಅಂದಳು. ಒತ್ತಾಯಕ್ಕೆ ಅಂದದ್ದಲ್ಲ. ಈ ಪತ್ರವನ್ನು ಅಂಚೆಗೆ ಹಾಕುವುದೂ ಅವಳೇ. ಬರುತ್ತೀಯಾ? ಇಷ್ಟವಿದ್ದರೆ ಅಂತ ನಾನು ಬರೆಯುವುದಿಲ್ಲ. ಬಾ. ನನಗೆ ನಿನ್ನನ್ನು ನೋಡಬೇಕು.

ನಿನ್ನ,
ಅತ್ತೆ


ಡಿಸೆಂಬರ್ ೨೭

ಪ್ರೀತಿಯ ಅತ್ತೆ,

ನೀವು ‘ಬಾ’ ಎಂದು ಬರೆದಿರಿ. ಇಷ್ಟು ವರ್ಷದಲ್ಲಿ ಆ ಮನೆಯಿಂದ ನನಗೆ ಬಂದ ಮೊದಲ ಕರೆ ಅದು. ಅದಕ್ಕೆ ನೆಪ ಹೇಳಿ ತಪ್ಪಿಸಿಕೊಳ್ಳಬಾರದು ಎಂದು ಇದನ್ನು ಎರಡು ಸಲ ಬರೆದು ಹರಿದಿದ್ದೇನೆ. ಮೊದಲನೆಯದರಲ್ಲಿ ರಜೆ ಇಲ್ಲ ಎಂದಿತ್ತು. ಎರಡನೆಯದರಲ್ಲಿ ಮೈ ಹುಷಾರಿಲ್ಲ ಎಂದಿತ್ತು. ಎರಡೂ ಸುಳ್ಳು.

ಅವಳ ಜಗಳದ ಕಥೆ ಓದಿ ಸಂತೋಷವಾಯಿತು. ಆಮೇಲೆ ಹೊಟ್ಟೆಕಿಚ್ಚಾಯಿತು. ಅವಳ ಮೇಲೆ, ಅವರ ಮೇಲೆ, ಬಾಗಿಲು ತಟ್ಟದೆ ಒಳಗೆ ನುಗ್ಗಿದ ನಿಮ್ಮ ಮೇಲೂ. ಎರಡೂ ನಿಜ. ಎರಡನ್ನೂ ಬರೆದಿದ್ದೇನೆ.

ನಾನು ಬರಲಾರೆ ಅತ್ತೆ. ಅಲ್ಲಿ ನನ್ನನ್ನು ಹೇಗೆ ನೋಡುತ್ತಾರೋ ಎಂಬ ಅಂಜಿಕೆಯಿಲ್ಲ. ನನಗೆ ನಿಮ್ಮ ಮಗನ ಮೇಲಿನ ಪ್ರೀತಿ ಹೋಗಿಲ್ಲ. ಹೋಗಿದೆ ಎಂದುಕೊಂಡು ಹಾಯಾಗಿದ್ದೆ. ಅವರು ಬಟ್ಟೆ ತುರುಕಿ ಯಾಕೆ ನಿಂತಿದ್ದರು ಎಂದು ನೀವು ಬರೆದ ದಿನದಿಂದ ಗೊತ್ತಾಗಿದೆ, ಹೋಗಿಲ್ಲ ಎಂದು. ಇದನ್ನು ಇನ್ನೊಬ್ಬರಿಗೆ ಹೇಳಿಲ್ಲ. ನೀವು ಕೇಳಿದ್ದರಿಂದ ನಿಮಗೆ ಹೇಳಿದೆ. ಅವರಿಗೆ ಮಾತ್ರ ಹೇಳಬೇಡಿ. ಮನಸ್ಸಿನಲ್ಲಿರುವುದನ್ನು ಬಾಯಿ ಬಿಟ್ಟು ಹೇಳಿ ಎಂದು ವರ್ಷವಿಡೀ ಮಕ್ಕಳಿಗೆ ಪಾಠ ಮಾಡುವವಳು ನಾನು. ಈ ಒಂದು ಮಾತಿಗೆ ಹೊತ್ತು ಮೀರಿದೆ. ಈಗ ಅದನ್ನು ಹೇಳಿದರೆ ಇನ್ನೊಬ್ಬಳ ಮನೆ ಅಲುಗಾಡುತ್ತದೆ. ಅವಳು ಬಹಳ ಕಷ್ಟಪಟ್ಟು ಬಾಯಿ ತೆರೆದಿದ್ದಾಳೆ.

ನೀವು ಈ ಕಡೆ ಬನ್ನಿ. ನಿಮ್ಮ ಸೊಸೆಗೆ ಹೇಳಿಯೇ ಬನ್ನಿ. ಬೇಸಿಗೆಯಲ್ಲಿ ಮೊಣಕಾಲು ಸ್ವಲ್ಪ ಕೇಳುತ್ತದಲ್ಲ. ಇಲ್ಲಿ ಬಸ್ ನಿಲ್ದಾಣದಿಂದ ನನ್ನ ಕೋಣೆ ದೂರವಿಲ್ಲ, ಆದರೂ ನಾನು ನಿಲ್ದಾಣಕ್ಕೇ ಬಂದು ನಿಂತಿರುತ್ತೇನೆ. ನೀವು ಬಂದಾಗ ನನ್ನ ಮುಖ ನೋಡಿ ಏನಾಯ್ತೇ ಎಂದು ಕೇಳಬೇಡಿ. ಈಗಲೇ ಹೇಳಿಬಿಟ್ಟಿದ್ದೇನೆ. ಸುಮ್ಮನೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರಿ.

ನಿಮ್ಮ,
ಸೊಸೆ